ತಲೆಯೊಳಗಿನ ನಕ್ಷೆ, ಕೈಯಲ್ಲಿರುವ ಮಾಹಿತಿ

ಉರ್ದುವಿನಲ್ಲಿ ‘ಕಲ್’ ಎಂಬ ಪದವಿದೆ. ಅದಕ್ಕೆ ನಿನ್ನೆ ಎಂದೂ ಅರ್ಥ, ನಾಳೆ ಎಂದೂ ಅರ್ಥ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಈ ಪದ ಬರುತ್ತದೆ. ಯಾರಿಗೂ ಗೊಂದಲವಾಗುವುದಿಲ್ಲ. ‘ಕಲ್ ಆಯೆ ಥೆ’ ಎಂದರೆ ನಿನ್ನೆ ಬಂದಿದ್ದರು, ‘ಕಲ್ ಆಯೇಂಗೆ’ ಎಂದರೆ ನಾಳೆ ಬರುತ್ತಾರೆ. ಉರ್ದು ಗೊತ್ತಿಲ್ಲದ ಕನ್ನಡದ ಗೆಳತಿಯೊಬ್ಬಳು ಅದೇ ಪದ ಕೇಳಿದರೆ ಅವಳಿಗೆ ಮೊದಲು ನೆನಪಾಗುವುದು ಕಲ್ಲು. ಕಿವಿಗೆ ಬಿದ್ದ ಶಬ್ದ ಎಲ್ಲರಿಗೂ ಒಂದೇ. ಅದರಿಂದ ಯಾರು ಏನು ಅರ್ಥ ಮಾಡಿಕೊಂಡರು ಎಂಬುದು ಅವರ ತಲೆಯಲ್ಲಿ ಮೊದಲೇ ಏನು ತಯಾರಾಗಿತ್ತು ಎಂಬುದರ ಮೇಲೆ ನಿಂತಿದೆ.

ಮಾತಿಗೆ ಮಾತ್ರವಲ್ಲ, ಅಂಕಿ, ಚಿತ್ರ, ಸುದ್ದಿ, ವಿಡಿಯೋ ಎಲ್ಲಕ್ಕೂ ಇದೇ ನಿಯಮ. ತಲೆಯಲ್ಲಿ ಮೊದಲೇ ತಯಾರಾಗಿರುವ ಈ ಚಿತ್ರಗಳನ್ನು ಮನಶ್ಶಾಸ್ತ್ರದಲ್ಲಿ ಮಾನಸಿಕ ಮಾದರಿ, ಅಂದರೆ ಮೆಂಟಲ್ ಮಾಡೆಲ್ ಎನ್ನುತ್ತಾರೆ. ಅವು ಎಲ್ಲಿಂದ ಬರುತ್ತವೆ, ಎಲ್ಲಿ ಸಹಾಯ ಮಾಡುತ್ತವೆ, ಎಲ್ಲಿ ಹಣವನ್ನೂ ಕೆಲವೊಮ್ಮೆ ಪ್ರಾಣವನ್ನೂ ಕಳೆಯುತ್ತವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎರಡು ಗುಂಡಿಗಳ ಕಥೆ

1943ರಲ್ಲಿ ಕೆನೆತ್ ಕ್ರೇಕ್ ಎಂಬ ಸ್ಕಾಟ್ಲೆಂಡಿನ ಮನಶ್ಶಾಸ್ತ್ರಜ್ಞರು ಒಂದು ಚಿಕ್ಕ ಪುಸ್ತಕ ಬರೆದರು. ಹೊರಗಿನ ಜಗತ್ತಿನ ಒಂದು ಪುಟ್ಟ ಪ್ರತಿರೂಪವನ್ನು ಮನುಷ್ಯ ತನ್ನ ತಲೆಯೊಳಗೆ ಇಟ್ಟುಕೊಂಡಿರುತ್ತಾನೆ, ಏನಾದರೂ ಮಾಡುವ ಮೊದಲು ಅದರ ಮೇಲೆ ಪ್ರಯೋಗ ಮಾಡಿ ನೋಡುತ್ತಾನೆ ಎಂಬುದು ಅವರ ವಿಚಾರ. ಎರಡೇ ವರ್ಷಗಳಲ್ಲಿ, 1945ರಲ್ಲಿ, ಕೇಂಬ್ರಿಡ್ಜ್‌ನಲ್ಲಿ ಸೈಕಲ್ ಅಪಘಾತದಿಂದ ಅವರು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಆದರೆ ಅವರ ವಿಚಾರ ಉಳಿಯಿತು, ಬೆಳೆಯಿತು.

ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಯಲ್ಲೇ ಇರುವ ಎರಡು ಗುಂಡಿಗಳನ್ನು ನೋಡಿ. ಒಂದು ಗ್ಯಾಸ್ ಒಲೆಯ ಗುಂಡಿ. ‘ಹೈ’ಗೆ ಇಟ್ಟರೆ ದೊಡ್ಡ ಉರಿ, ‘ಸಿಮ್’ಗೆ ಇಟ್ಟರೆ ಚಿಕ್ಕ ಉರಿ. ಬೇಗ ಬಿಸಿ ಆಗಬೇಕೆಂದರೆ ಉರಿ ಹೆಚ್ಚಿಸಬೇಕು. ಇದು ಸರಿಯಾದ ಮಾದರಿ. ದಿನವೂ ಅಡುಗೆಮನೆಯಲ್ಲಿ ಪರೀಕ್ಷೆಯಾಗಿ ಗೆದ್ದಿರುವ ಮಾದರಿ.

ಇನ್ನೊಂದು ಇಸ್ತ್ರಿ ಪೆಟ್ಟಿಗೆಯ ಗುಂಡಿ. ಬೆಳಿಗ್ಗೆ ಕಾಲೇಜಿಗೆ ತಡವಾಗುತ್ತಿದ್ದರೆ ಹಲವರು ಅದನ್ನು ಕೊನೆಯವರೆಗೂ ತಿರುಗಿಸುತ್ತಾರೆ, ಬೇಗ ಕಾಯಲಿ ಎಂದು. ಆದರೆ ಇಸ್ತ್ರಿ ಪೆಟ್ಟಿಗೆಯ ಒಳಗಿನ ತಂತಿ ಕಾಯುವಾಗ ಯಾವಾಗಲೂ ತನ್ನ ಪೂರ್ತಿ ಶಕ್ತಿಯಲ್ಲೇ ಕಾಯುತ್ತದೆ. ಗುಂಡಿ ಹೇಳುವುದು ಎಷ್ಟು ಬಿಸಿಯಾದ ಮೇಲೆ ಕರೆಂಟ್ ನಿಲ್ಲಿಸಬೇಕು ಎಂಬುದನ್ನು ಮಾತ್ರ. ನೈಲಾನ್‌ಗೆ ಬೇಕಾದಷ್ಟು ಬಿಸಿಯಾಗಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಬೇಕು, ಗುಂಡಿ ಎಲ್ಲೇ ಇರಲಿ. ಕೊನೆಗೆ ತಿರುಗಿಸಿದ್ದರಿಂದ ಆಗುವ ವ್ಯತ್ಯಾಸ ಒಂದೇ: ಅದು ಅಲ್ಲಿ ನಿಲ್ಲದೆ ಇನ್ನೂ ಬಿಸಿಯಾಗುತ್ತಾ ಹೋಗುತ್ತದೆ, ದುಪಟ್ಟಾ ಅಂಟಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲಿನ ಪುಟ್ಟ ಕೆಂಪು ದೀಪ ಹತ್ತಿ ಆರಿ ಈ ವಿಷಯವನ್ನು ಪ್ರತಿದಿನ ನಮಗೆ ಹೇಳುತ್ತಲೇ ಇರುತ್ತದೆ. ಮಾಹಿತಿ ಕಣ್ಣ ಮುಂದೆ ಇದೆ. ಆದರೆ ಒಲೆಯ ಮಾದರಿ ತಲೆಯಲ್ಲಿರುವವರಿಗೆ ಆ ದೀಪಕ್ಕೆ ಅರ್ಥವೇ ಇಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಿ, ಇಡೀ ಲೇಖನಕ್ಕೆ ಅದೇ ಆಧಾರ. ಒಲೆಯ ಮಾದರಿ ತಪ್ಪಲ್ಲ. ಅದು ತನ್ನ ಜಾಗದಲ್ಲಿ ಸರಿ. ಅದನ್ನು ಎತ್ತಿಕೊಂಡು ಹೋಗಿ ಬೇರೆ ಜಾಗದಲ್ಲಿ ಇಟ್ಟಾಗ ತೊಂದರೆ ಶುರುವಾಗುತ್ತದೆ. ಜನ ದಡ್ಡರಾಗಿರುವುದರಿಂದ ಮಾಹಿತಿಯನ್ನು ತಪ್ಪಾಗಿ ಓದುತ್ತಾರೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹೆಚ್ಚಿನ ಸಲ ಕಾರಣ ಬೇರೆ. ಒಂದು ಕಡೆ ಚೆನ್ನಾಗಿ ಕೆಲಸ ಮಾಡಿದ ನಕ್ಷೆಯನ್ನು ಅವರು ಇನ್ನೊಂದು ಊರಿನಲ್ಲಿ ಬಿಚ್ಚಿ ನೋಡುತ್ತಿರುತ್ತಾರೆ.

ಪಾಸ್‌ಬುಕ್ಕಿನ ಒಂದು ಸಾಲು

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದರ ಅತ್ಯುತ್ತಮ ಉದಾಹರಣೆ ಪಠ್ಯದಲ್ಲೇ ಇದೆ. ಪ್ರಥಮ ಪಿಯುಸಿಯಲ್ಲಿ ಬ್ಯಾಂಕ್ ಸಮನ್ವಯ ಪಟ್ಟಿ ಬರುತ್ತದೆ. ಅಂಗಡಿಯವರು 5,000 ರೂಪಾಯಿಯನ್ನು ಬ್ಯಾಂಕಿಗೆ ಕಟ್ಟಿದರೆ ತಮ್ಮ ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ ಅದನ್ನು ಡೆಬಿಟ್ ಮಾಡುತ್ತಾರೆ. ಅದೇ 5,000 ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದು ಅಚ್ಚಾಗಿ ಬರುತ್ತದೆ. ಹೊಸದಾಗಿ ಕಾಮರ್ಸ್ ಸೇರಿದವರಿಗೆ ಇದು ವಿಚಿತ್ರ. ಸ್ವತ್ತು ಹೆಚ್ಚಾದರೆ ಡೆಬಿಟ್ ಎಂದು ಮೇಡಂ ಹೇಳಿದ್ದಾರೆ, ಹಾಗಾದರೆ ಬ್ಯಾಂಕಿನವರು ತಪ್ಪು ಬರೆದರೇ?

ಇಬ್ಬರೂ ಸರಿ. ಪಾಸ್‌ಬುಕ್ ಎಂಬುದು ಬ್ಯಾಂಕಿನ ಲೆಡ್ಜರಿನಲ್ಲಿರುವ ನಮ್ಮ ಖಾತೆಯ ನಕಲು. ನಾವು ಕಟ್ಟಿದ ಹಣ ನಮಗೆ ಸ್ವತ್ತು, ಬ್ಯಾಂಕಿಗೆ ಸಾಲ. ಅವರು ಅದನ್ನು ಒಂದು ದಿನ ನಮಗೆ ಹಿಂದಿರುಗಿಸಬೇಕು. ಆದ್ದರಿಂದ ಅವರ ಪುಸ್ತಕದಲ್ಲಿ ಅದು ಕ್ರೆಡಿಟ್.

ಮೇಡಂ ಮೊದಲು ಕಲಿಸಿದ್ದು ನಮ್ಮ ಕುರ್ಚಿಯಲ್ಲಿ ಕುಳಿತು ನೋಡುವ ಮಾದರಿ. ಪಾಸ್‌ಬುಕ್ ಬರೆದದ್ದು ಎದುರಿನ ಕುರ್ಚಿಯಲ್ಲಿ ಕುಳಿತವರು. ಯಾರ ಪುಸ್ತಕ ಇದು ಎಂಬ ಒಂದೇ ಪ್ರಶ್ನೆ ಕೇಳಿದರೆ ಇಡೀ ಅಧ್ಯಾಯ ಸುಲಭವಾಗುತ್ತದೆ. ಇಲ್ಲದಿದ್ದರೆ ಯಾವುದನ್ನು ಕೂಡಿಸಬೇಕು, ಯಾವುದನ್ನು ಕಳೆಯಬೇಕು ಎಂದು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತಾ ಕೂರಬೇಕಾಗುತ್ತದೆ.

ಹನ್ನೆರಡು ಪರ್ಸೆಂಟ್ ಎಂದರೆ ಎಷ್ಟು?

ಪರೀಕ್ಷೆಯಲ್ಲಿ ಹೋಗುವುದು ಅಂಕ. ಹೊರಗೆ ಹೋಗುವುದು ಹಣ. ಒಂದು ಲೆಕ್ಕ ಮಾಡೋಣ.

ಒಬ್ಬರು 12,000 ರೂಪಾಯಿಯ ಮೊಬೈಲನ್ನು ಕಂತಿನಲ್ಲಿ ಕೊಳ್ಳುತ್ತಾರೆ. ‘ವರ್ಷಕ್ಕೆ 12% ಫ್ಲಾಟ್, 12 ಕಂತು’ ಎಂದು ಅಂಗಡಿಯವರು ಹೇಳುತ್ತಾರೆ. 12,000ಕ್ಕೆ 12% ಎಂದರೆ 1,440. ಒಟ್ಟು 13,440. ತಿಂಗಳಿಗೆ 1,120 ಕಂತು. ಲೆಕ್ಕ ಸರಿಯಾಗಿದೆ, ಮೋಸ ಏನೂ ಕಾಣುವುದಿಲ್ಲ.

ಈ ಅಂಕಿಯನ್ನು ನಾವು ಒಪ್ಪುವುದಕ್ಕೆ ಕಾರಣ ತಲೆಯಲ್ಲಿರುವ ಹಳೆಯ ಮಾದರಿ. ಯಾರೋ ಪರಿಚಯದವರಿಂದ 12,000 ತೆಗೆದುಕೊಂಡು, ವರ್ಷಪೂರ್ತಿ ಇಟ್ಟುಕೊಂಡು, ಕೊನೆಯ ದಿನ ಒಟ್ಟಿಗೆ ಹಿಂದಿರುಗಿಸುವ ಮಾದರಿ. ಅಲ್ಲಿ ಇಡೀ 12,000 ವರ್ಷವೆಲ್ಲಾ ನಮ್ಮ ಕೈಯಲ್ಲಿರುತ್ತದೆ.

ಕಂತಿನ ಸಾಲದಲ್ಲಿ ಹಾಗಿಲ್ಲ. ತಿಂಗಳಿಗೆ 1,000 ಅಸಲು ತೀರುತ್ತಾ ಹೋಗುತ್ತದೆ. ಮೊದಲ ತಿಂಗಳು ನಮ್ಮ ಬಳಿ ಇರುವ ಸಾಲ 12,000, ಎರಡನೇ ತಿಂಗಳು 11,000, ಕೊನೆಯ ತಿಂಗಳು ಬರೀ 1,000. ಬಾಕಿ ಇರುವ ಹಣಕ್ಕೆ ಮಾತ್ರ ತಿಂಗಳಿಗೆ 1%ರಂತೆ ಹಾಕಿದರೆ 120, 110, 100 ಹೀಗೆ ಇಳಿಯುತ್ತಾ 10ಕ್ಕೆ ಬಂದು ನಿಲ್ಲುತ್ತದೆ. ಎಲ್ಲವನ್ನೂ ಕೂಡಿಸಿ ನೋಡಿ: 780 ರೂಪಾಯಿ. ಆದರೆ ಫ್ಲಾಟ್ ಲೆಕ್ಕದಲ್ಲಿ ಕೊಡುವುದು 1,440. ಬಾಕಿ ಹಣದ ಮೇಲಿನ ದರ ಎಂದು ನೋಡಿದರೆ ಆ ‘12%’ ನಿಜವಾಗಿ ವರ್ಷಕ್ಕೆ ಸುಮಾರು 21.5% ಆಗುತ್ತದೆ.

12 ಎಂಬ ಅಂಕಿ ಎರಡೂ ಕಡೆ ಒಂದೇ. ಫಲಕದಲ್ಲಿ ಬರೆದ ಮಾಹಿತಿ ಸುಳ್ಳೂ ಅಲ್ಲ. ಓದುವವರ ತಲೆಯಲ್ಲಿ ಯಾವ ಸಾಲದ ಚಿತ್ರ ಇದೆ ಎಂಬುದರ ಮೇಲೆ 660 ರೂಪಾಯಿ ನಿಂತಿದೆ. ಗಾಡಿಯ ಸಾಲವಾದರೆ ಈ ವ್ಯತ್ಯಾಸ ಸಾವಿರಗಳಲ್ಲಿ ಇರುತ್ತದೆ. ಆದ್ದರಿಂದ ಕಂತಿನಲ್ಲಿ ಏನನ್ನಾದರೂ ಕೊಳ್ಳುವ ಮನೆಯವರಿಗೆ ನಾವು ಹೇಳಿಕೊಡಬಹುದಾದ ಪ್ರಶ್ನೆ ಇದು: ದರ ಫ್ಲಾಟೋ, ಬಾಕಿ ಹಣದ ಮೇಲೋ?

ಪಿನ್ ಹಾಕಿದರೆ ಹಣ ಬರುತ್ತದೆಯೇ?

ಯುಪಿಐ 2016ರಲ್ಲಿ ಶುರುವಾಯಿತು. ಈಗ ತಳ್ಳುಗಾಡಿಯ ಬಾಳೆಹಣ್ಣಿನವರಿಂದ ಹಿಡಿದು ನಮ್ಮ ಕ್ಯಾಂಟೀನಿನವರೆಗೆ ಎಲ್ಲರ ಬಳಿಯೂ ಕ್ಯೂಆರ್ ಕೋಡ್ ಇದೆ. ಜೊತೆಗೆ ಒಂದು ಮೋಸವೂ ಬೆಳೆದಿದೆ. ಹಳೆಯ ಫ್ರಿಜ್ ಮಾರಾಟಕ್ಕಿದೆ ಎಂದು ಇಂಟರ್ನೆಟ್‌ನಲ್ಲಿ ಹಾಕಿದವರಿಗೆ ಒಂದು ಫೋನ್ ಬರುತ್ತದೆ. ‘ನಾನು ತಗೊಳ್ತೀನಿ, ಅಡ್ವಾನ್ಸ್ ಕಳಿಸ್ತೀನಿ. ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ, ನಿಮ್ಮ ಅಕೌಂಟಿಗೆ 5,000 ಬರುತ್ತೆ.’ ಅವರು ಸ್ಕ್ಯಾನ್ ಮಾಡುತ್ತಾರೆ, ಪಿನ್ ಹಾಕುತ್ತಾರೆ, 5,000 ಹೋಗುತ್ತದೆ.

ಪಿನ್ ಹಾಕುವ ಮೊದಲು ಮೊಬೈಲಿನ ಪರದೆಯ ಮೇಲೆ ಮೊತ್ತ ಕಾಣುತ್ತದೆ, ಹಣ ಪಾವತಿ ಆಗುತ್ತಿದೆ ಎಂದೂ ಕಾಣುತ್ತದೆ. ಓದಿ ಬರೆಯಲು ಬರುವವರೂ, ಬ್ಯಾಂಕಿನ ವ್ಯವಹಾರ ಮಾಡಿ ಅನುಭವ ಇರುವವರೂ ಹೇಗೆ ಮೋಸ ಹೋಗುತ್ತಾರೆ?

ಎಟಿಎಂ ನೆನಪಿಸಿಕೊಳ್ಳಿ. ಎಷ್ಟೋ ವರ್ಷಗಳಿಂದ ನಮ್ಮ ಹಿರಿಯರು ಪಿನ್ ಒತ್ತಿದಾಗಲೆಲ್ಲಾ ಏನಾಗಿದೆ? ಯಂತ್ರದಿಂದ ಹಣ ಹೊರಗೆ ಬಂದು ಕೈಗೆ ಸಿಕ್ಕಿದೆ. ಅದಕ್ಕೂ ಮೊದಲು ಬ್ಯಾಂಕಿನಲ್ಲಿ ಹಣ ಬೇಕೆಂದರೆ ಚೀಟಿಗೆ ಸಹಿ ಹಾಕಬೇಕಿತ್ತು. ಪಿಂಚಣಿ ತೆಗೆದುಕೊಳ್ಳಲು ಹೆಬ್ಬೆಟ್ಟು ಒತ್ತಬೇಕು, ಸ್ಕಾಲರ್‌ಶಿಪ್ ಬರಬೇಕೆಂದರೆ ನಾವೂ ಅರ್ಜಿಯಲ್ಲಿ ಸಹಿ ಹಾಕಬೇಕು. ಅಂದರೆ ಗುರುತು ಕೊಟ್ಟರೆ ಹಣ ಸಿಗುತ್ತದೆ ಎಂಬ ಮಾದರಿ ಜೀವನಪೂರ್ತಿ ಕೆಲಸ ಮಾಡಿದೆ. ಮೋಸಗಾರ ಹೊಸದೇನನ್ನೂ ನಂಬಿಸುವುದಿಲ್ಲ. ಮೊದಲೇ ಇರುವ ನಂಬಿಕೆಯನ್ನು ಬಳಸಿಕೊಳ್ಳುತ್ತಾನೆ, ಅಷ್ಟೇ.

ಯುಪಿಐ ಬೇರೆ ರೀತಿಯದು. ಅಲ್ಲಿ ಪಿನ್ ಬೇಕಾಗುವುದು ನಮ್ಮ ಖಾತೆಯ ಬಾಗಿಲು ತೆಗೆಯಲು: ಹಣ ಕಳಿಸಲು, ಬ್ಯಾಲೆನ್ಸ್ ನೋಡಲು. ನಮಗೆ ಹಣ ಬರಬೇಕೆಂದರೆ ನಾವು ಬಾಗಿಲು ತೆಗೆಯುವ ಅಗತ್ಯವೇ ಇಲ್ಲ. ಮನೆಯಲ್ಲಿ ನಾನಿ, ದಾದಿ, ಅಜ್ಜಿಯರಿಗೆ ಇದನ್ನು ವಿವರಿಸುವಾಗ ‘ಪಿನ್ ಯಾರಿಗೂ ಹೇಳಬೇಡಿ’ ಎಂದರೆ ಸಾಲದು. ಈ ಮೋಸದಲ್ಲಿ ಅವರು ಪಿನ್ ಯಾರಿಗೂ ಹೇಳುವುದೇ ಇಲ್ಲ, ತಾವೇ ಒತ್ತುತ್ತಾರೆ. ‘ಇದು ಎಟಿಎಂ ಥರ ಅಲ್ಲ. ತಿಜೋರಿಯ ಕೀಲಿ ಥರ. ಯಾರಾದರೂ ನಿಮಗೆ ಹಣ ಕೊಡಲು ಬಂದರೆ ನೀವು ತಿಜೋರಿ ತೆಗೆದು ನಿಲ್ಲುತ್ತೀರಾ?’ ಎಂದು ಕೇಳಿ. ಆಗ ಹಳೆಯ ಚಿತ್ರದ ಜಾಗಕ್ಕೆ ಹೊಸ ಚಿತ್ರ ಬರುತ್ತದೆ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.

ಇದರಲ್ಲಿ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಒಂದು ಪಾಠವಿದೆ. ಮಾಹಿತಿಯನ್ನು ಮತ್ತೆ ಮತ್ತೆ ಜೋರಾಗಿ ಹೇಳಿದರೆ ತಿಳಿವಳಿಕೆ ಬರುವುದಿಲ್ಲ. ಎದುರಿನವರ ತಲೆಯಲ್ಲಿ ಈಗ ಯಾವ ಚಿತ್ರ ಇದೆ ಎಂದು ಮೊದಲು ಕೇಳಬೇಕು.

ನಕ್ಷೆ ಏನು ಮಾಡುತ್ತದೆ?

ಮಾದರಿಗಳು ಮಾಹಿತಿಯ ಮೇಲೆ ಎರಡು ಕೆಲಸ ಮಾಡುತ್ತವೆ. ಎರಡನ್ನೂ ಪ್ರಯೋಗ ಮಾಡಿ ತೋರಿಸಿದ್ದಾರೆ.

ಮೊದಲನೆಯದು, ಹೊಂದದಿರುವುದನ್ನು ತಿದ್ದುವುದು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ ತಮ್ಮ 1932ರ ಪುಸ್ತಕದಲ್ಲಿ ಒಂದು ಪ್ರಯೋಗ ವಿವರಿಸಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಸ್ವಲ್ಪ ಸಮಯದ ನಂತರ ನೆನಪಿನಿಂದ ಬರೆಯಲು ಹೇಳಿದರು. ಬರೆದವರ ಕಥೆಯಲ್ಲಿ ಕೆನೂ ಎಂಬ ಸಣ್ಣ ಓಡ ಮಾಮೂಲಿ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಅರ್ಥವಾಗದ ಭೂತಗಳ ಭಾಗ ಹಲವರಲ್ಲಿ ಬಿಟ್ಟೇ ಹೋಯಿತು. ಯಾರೂ ಬೇಕೆಂದು ಸುಳ್ಳು ಬರೆಯಲಿಲ್ಲ. ತಮ್ಮ ಊರಿನ ಕಥೆಗಳು ಹೇಗಿರುತ್ತವೋ ಹಾಗೆ ಆ ಕಥೆ ತಾನಾಗಿಯೇ ಬದಲಾಯಿತು.

ಎರಡನೆಯದು, ಒಪ್ಪುವುದನ್ನೇ ಹುಡುಕುವುದು. 1960ರಲ್ಲಿ ಪೀಟರ್ ವೇಸನ್ ಎಂಬವರು ಪ್ರಕಟಿಸಿದ ಪ್ರಯೋಗವನ್ನು ನೀವು ಊಟದ ಬಿಡುವಿನಲ್ಲಿ ಗೆಳೆಯರ ಜೊತೆ ಆಡಿ ನೋಡಬಹುದು. ‘ನನ್ನ ಮನಸ್ಸಿನಲ್ಲಿ ಒಂದು ನಿಯಮ ಇದೆ. 2, 4, 6 ಆ ನಿಯಮಕ್ಕೆ ಸರಿಹೊಂದುತ್ತದೆ. ನೀನು ಬೇರೆ ಮೂರು ಸಂಖ್ಯೆ ಹೇಳುತ್ತಾ ಹೋಗು, ಹೊಂದುತ್ತದೋ ಇಲ್ಲವೋ ಎಂದು ನಾನು ಹೇಳುತ್ತೇನೆ. ಖಚಿತವಾದಾಗ ನಿಯಮ ಹೇಳು’ ಎನ್ನಿ. ಹೆಚ್ಚಿನವರು 8, 10, 12 ಎನ್ನುತ್ತಾರೆ. ಹೌದು. 20, 22, 24 ಎನ್ನುತ್ತಾರೆ. ಹೌದು. ‘ಎರಡೆರಡು ಕೂಡಿಸುವುದು!’ ಎಂದು ಖುಷಿಯಿಂದ ಹೇಳುತ್ತಾರೆ. ಅಲ್ಲ.

ನಿಜವಾದ ನಿಯಮ ತುಂಬ ಸರಳ: ಸಂಖ್ಯೆಗಳು ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತಿರಬೇಕು, ಅಷ್ಟೇ. 1, 2, 3 ಎಂದು ಒಮ್ಮೆ ಕೇಳಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಆದರೆ ತಮ್ಮ ಊಹೆಯ ಪ್ರಕಾರ ‘ಇಲ್ಲ’ ಎಂಬ ಉತ್ತರ ಬರಬೇಕಾದ ಪ್ರಶ್ನೆಯನ್ನು ಯಾರೂ ಸುಲಭವಾಗಿ ಕೇಳುವುದಿಲ್ಲ. ಹೌದು, ಹೌದು ಎಂಬ ಉತ್ತರ ಬಂದಷ್ಟೂ ನಮ್ಮ ಧೈರ್ಯ ಹೆಚ್ಚುತ್ತದೆ, ಆದರೆ ತಿಳಿವಳಿಕೆ ಇದ್ದಲ್ಲೇ ಇರುತ್ತದೆ.

2018ರ ಒಂದು ವಿಡಿಯೋ

ತಿದ್ದುವುದು, ಒಪ್ಪುವುದನ್ನೇ ಹುಡುಕುವುದು, ಈ ಎರಡೂ ಸೇರಿದಾಗ ಏನಾಗಬಹುದು ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ.

2018ರಲ್ಲಿ ಒಂದು ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕ್‌ನಲ್ಲಿ ಇಬ್ಬರು ಬಂದು ಒಬ್ಬ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅದರ ಜೊತೆ ‘ಮಕ್ಕಳ ಕಳ್ಳರು ನಮ್ಮ ಊರಿಗೆ ಬಂದಿದ್ದಾರೆ’ ಎಂಬಂಥ ಸಂದೇಶಗಳು. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರು ಹಿಂದಿರುಗಿ ಬಂದು, ಹುಡುಗನನ್ನು ಬಿಟ್ಟು, ಎಚ್ಚರಿಕೆಯ ಬರಹವಿರುವ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು.

ಆ ತುಂಡು ವಿಡಿಯೋ ಲಕ್ಷಾಂತರ ಜನರಿಗೆ ಒಂದು ಸುದ್ದಿಯನ್ನಷ್ಟೇ ಕೊಡಲಿಲ್ಲ, ಒಂದು ಮಾದರಿಯನ್ನೂ ಕೊಟ್ಟಿತು: ಪರಿಚಯವಿಲ್ಲದವರು ಬರುತ್ತಾರೆ, ಮಕ್ಕಳ ಹತ್ತಿರ ಹೋಗುತ್ತಾರೆ, ಎತ್ತಿಕೊಂಡು ಓಡುತ್ತಾರೆ. ಆಮೇಲೆ ಜನ ಕಂಡದ್ದನ್ನೆಲ್ಲಾ ಆ ಮಾದರಿಯಲ್ಲೇ ಓದತೊಡಗಿದರು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು.

ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿಗೆ ಹೈದರಾಬಾದಿನಿಂದ ಕೆಲವು ಯುವಕರು ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಯೋಚಿಸಿ ನೋಡಿ, ಅದೇ ಚಾಕೊಲೇಟ್ ಮದುವೆಮನೆಯಲ್ಲಿ ಕೊಟ್ಟಿದ್ದರೆ ಪ್ರೀತಿ, ಕಾಲೇಜಿನಲ್ಲಿ ಕೊಟ್ಟಿದ್ದರೆ ಹುಟ್ಟುಹಬ್ಬ. ಅಂದು ಅದು ಅಪಹರಣದ ಗುರುತಾಯಿತು. ಜನ ಗದರಿಸಿದಾಗ ಅವರು ಹೆದರಿ ಕಾರಿನಲ್ಲಿ ಹೊರಟರು. ಓಡುವುದೂ ಅದೇ ಮಾದರಿಗೆ ಹೊಂದಿತು: ಕಳ್ಳರಲ್ಲದಿದ್ದರೆ ಏಕೆ ಓಡಬೇಕು? ಸುದ್ದಿ ವಾಟ್ಸಾಪ್‌ನಲ್ಲಿ ಕಾರಿಗಿಂತ ಮುಂದೆ ಹೋಯಿತು. ಮುರ್ಕಿ ಗ್ರಾಮದ ಬಳಿ ಗುಂಪು ಕಾರನ್ನು ತಡೆಯಿತು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅವರ ಜೊತೆಗಿದ್ದವರು ಗಾಯಗೊಂಡರು, ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು.

ಆ ಗುಂಪಿನಲ್ಲಿದ್ದ ಹಲವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದಿರಬಹುದು. ಇದು ಕ್ಷಮಿಸಲು ಹೇಳುವ ಮಾತಲ್ಲ. ಹೊಡೆಯುವುದಕ್ಕೆ ಯಾವ ನಂಬಿಕೆಯೂ ನೆಪವಾಗುವುದಿಲ್ಲ. ಆದರೆ ಇಲ್ಲಿ ಭಯ ಪಡಬೇಕಾದ ವಿಷಯ ಇದು: ಒಮ್ಮೆ ಮಾದರಿ ಗಟ್ಟಿಯಾಗಿ ಕುಳಿತರೆ ಚಾಕೊಲೇಟ್ ಕೊಟ್ಟರೂ ಸಾಕ್ಷಿ, ಕೊಡದಿದ್ದರೂ ಸಾಕ್ಷಿ. ನಿಂತರೂ ಅನುಮಾನ, ಓಡಿದರೂ ಅನುಮಾನ. 1, 2, 3 ಎಂಬ ಪ್ರಶ್ನೆಯನ್ನು ಕೇಳುವವರು ಅಲ್ಲಿ ಸಾಕಷ್ಟು ಮಂದಿ ಇರಲಿಲ್ಲ. ಅದೇ ಜುಲೈನಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಸಂದೇಶದ ವೇಗಕ್ಕೆ ಮಿತಿ ಹಾಕಬಹುದು. ತಲೆಯೊಳಗಿನ ಚಿತ್ರಕ್ಕೆ ಮಿತಿ ಹಾಕುವ ಬಟನ್ ಯಾರ ಫೋನಿನಲ್ಲೂ ಇಲ್ಲ.

ನಮ್ಮ ಬಗ್ಗೆ, ನಮ್ಮಿಂದ

ಜನರ ಬಗ್ಗೆಯೂ ನಮ್ಮ ತಲೆಯಲ್ಲಿ ಮಾದರಿಗಳಿವೆ. ಉರ್ದು ಮಾತಾಡುವ ಮನೆಯಿಂದ ಬಂದ ನಮಗೆ ಇದರ ಅನುಭವ ಇದೆ. ಅಂಗಡಿಯಲ್ಲಿ ‘ಒಂದು ಲಾಂಗ್ ಬುಕ್ ಕೊಡಿ’ ಎಂದು ಕನ್ನಡದಲ್ಲೇ ಕೇಳಿದರೂ ಉತ್ತರ ಹಿಂದಿಯಲ್ಲಿ ಬರುತ್ತದೆ. ಕಿವಿಗೆ ಕನ್ನಡ ಬಿದ್ದಿದೆ, ಆದರೆ ಕಣ್ಣು ಕೊಟ್ಟ ಚಿತ್ರ ಗೆದ್ದಿದೆ. ಅವರಲ್ಲಿ ಬಹಳ ಜನ ಒಳ್ಳೆಯ ಮನಸ್ಸಿನಿಂದ, ನಮಗೆ ಸುಲಭವಾಗಲಿ ಎಂದೇ ಹಾಗೆ ಮಾಡುತ್ತಾರೆ.

ನಾವೂ ಇದನ್ನೇ ಮಾಡುತ್ತೇವೆ. ಆರ್ಟ್ಸ್ ತೆಗೆದುಕೊಂಡವರಿಗೆ ಮಾರ್ಕ್ಸ್ ಕಡಿಮೆ ಬಂದಿರಬೇಕು ಎಂದುಕೊಳ್ಳುತ್ತೇವೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಳ್ಳುತ್ತೇವೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರಿಗೆ ಅಹಂಕಾರ ಎನ್ನುತ್ತೇವೆ, ಅವರಿಗೆ ಸಂಕೋಚ ಇರಬಹುದು. ಆಮೇಲೆ ಬಾರ್ಟ್‌ಲೆಟ್ ಅವರ ಓದುಗರಂತೆ, ಹೊಂದುವುದನ್ನು ನೆನಪಿಟ್ಟು ಹೊಂದದ್ದನ್ನು ಮರೆಯುತ್ತೇವೆ.

ಹಾಗಾದರೆ ಏನು ಮಾಡಬೇಕು?

ಮಾದರಿಯೇ ಇಲ್ಲದೆ ಬದುಕಲು ಆಗುವುದಿಲ್ಲ. ಪ್ರತಿದಿನ ಒಲೆ ಹೇಗೆ ಉರಿಯುತ್ತದೆ ಎಂದು ಹೊಸದಾಗಿ ಕಲಿಯುತ್ತಾ ಕೂತರೆ ಚಹಾ ಆಗುವುದಿಲ್ಲ. ಎಲ್ಲವನ್ನೂ ಅನುಮಾನಿಸುವವನೂ ಎಲ್ಲವನ್ನೂ ನಂಬುವವನಷ್ಟೇ ಕಷ್ಟ ಪಡುತ್ತಾನೆ. ಆದರೆ ಹಣ, ಒಬ್ಬರ ಮಾನ ಅಥವಾ ಪ್ರಾಣದ ವಿಷಯ ಬಂದಾಗ ಒಂದು ನಿಮಿಷ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಬಹುದು.

ಒಂದು, ಈ ಚಿತ್ರ ನನಗೆ ಎಲ್ಲಿಂದ ಬಂತು? ಎಟಿಎಂನಿಂದ ಬಂದದ್ದೋ, ಒಂದು ಫಾರ್ವರ್ಡ್ ವಿಡಿಯೋದಿಂದ ಬಂದದ್ದೋ? ಅಲ್ಲಿ ಸರಿಯಾದದ್ದು ಇಲ್ಲಿಯೂ ಸರಿಯೇ?

ಎರಡು, ಇದು ಯಾರ ಪುಸ್ತಕ? ಈ ಸಾಲನ್ನು ಬರೆದವರು ಯಾವ ಕುರ್ಚಿಯಲ್ಲಿ ಕುಳಿತಿದ್ದಾರೆ? ಮಾರುವವರು ಹೇಳುವ ಬಡ್ಡಿ ದರಕ್ಕೂ, ಪಕ್ಷದವರು ಹೇಳುವ ಅಂಕಿಗೂ, ಕೋಚಿಂಗ್ ಸೆಂಟರಿನ ಜಾಹೀರಾತಿಗೂ ಈ ಪ್ರಶ್ನೆ ಹೊಂದುತ್ತದೆ.

ಮೂರು, ನನ್ನ ಊಹೆ ತಪ್ಪಾಗಿದ್ದರೆ ಏನು ಕಾಣಬೇಕಿತ್ತು? ಅದನ್ನು ಹುಡುಕಿದ್ದೇನೆಯೇ? ಇದೇ 1, 2, 3ರ ಪ್ರಶ್ನೆ. ಮೂರರಲ್ಲಿ ಕಷ್ಟದ್ದೂ ಇದೇ, ಹೆಚ್ಚು ಉಪಯೋಗದ್ದೂ ಇದೇ.

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಯುಪಿಐ ಬಳಸುವ ಹಿರಿಯರ ಬಳಿ ಕುಳಿತು, ‘ಪಿನ್ ಯಾವಾಗ ಹಾಕಬೇಕು?’ ಎಂದು ಕೇಳಿ. ತಕ್ಷಣ ಉಪದೇಶ ಮಾಡಬೇಡಿ. ಅವರು ಹೇಳುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಅವರ ತಲೆಯಲ್ಲಿ ಎಟಿಎಂ ಇದೆಯೋ ತಿಜೋರಿ ಇದೆಯೋ ಎಂಬುದು ಎರಡೇ ನಿಮಿಷದಲ್ಲಿ ನಿಮಗೆ ತಿಳಿಯುತ್ತದೆ. ಏನು ವಿವರಿಸಬೇಕು ಎಂಬುದೂ ಆಗಲೇ ತಿಳಿಯುತ್ತದೆ.